ಇಡೀ ಪುಟಕ್ಕೆ ಧಿಕ್ಕಾರ

ಮಾನ್ಯ ಅಧ್ಯಕ್ಷರೇ, ಉದ್ಘಾಟನೆ ಮುಗಿಸಿ ಇನ್ನೊಂದು ಉದ್ಘಾಟನೆಗೆ ಹೊರಡುವ ಆತುರದಲ್ಲಿರುವ ಮುಖ್ಯ ಅತಿಥಿಗಳೇ, ಕರಾವಳಿ ಗಣಕ ಕನ್ನಡ ಬಳಗದ ಪದಾಧಿಕಾರಿಗಳೇ, ಮುಂದಿನ ಸಾಲಿನ ಸೋಫಾದಲ್ಲಿ ಕುಳಿತ ಗಣ್ಯರೇ, ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಫ್ಯಾನಿನ ಗಾಳಿ ಯಾವ ಕಡೆ ಬರುತ್ತದೆ ಎಂದು ನೋಡುತ್ತಿರುವ ನನ್ನ ನಿಜವಾದ ಸಭಿಕರೇ,

ಈ ಸನ್ಮಾನದ ವಿಷಯ ನಿಮ್ಮ ಬಳಗದ ಜಾಲತಾಣದಲ್ಲಿ ಪ್ರಕಟವಾಗಿದೆ. ಅಲ್ಲಿ ನನ್ನ ಹೆಸರಿನ ಮುಂದೆ "ಡಿಜಿಟಲ್ ದಾಖಲೀಕರಣ ತಜ್ಞ" ಎಂದು ಬರೆದಿದ್ದೀರಿ. ಆ ಪದದ ಮೇಲೆ ನಾನು ನಿನ್ನೆಯೇ ಹಳದಿ ಹಚ್ಚಿ, ಪಕ್ಕದಲ್ಲಿ "ಆಧಾರವೇನು?" ಎಂದು ಟಿಪ್ಪಣಿ ಬರೆದಿದ್ದೇನೆ. ಇವತ್ತು ಬೆಳಿಗ್ಗೆಯವರೆಗೂ ಯಾರೂ ಉತ್ತರ ಕೊಟ್ಟಿಲ್ಲ. ಆದ್ದರಿಂದ ಉತ್ತರವನ್ನು ನಾನೇ ಕೊಡಬೇಕಾಗಿದೆ. ಅಧ್ಯಕ್ಷರು ಹತ್ತು ನಿಮಿಷ ಎಂದಿದ್ದಾರೆ. ಚಳವಳಿಯವನಿಗೆ ಮೈಕು ಕೊಟ್ಟು ಹತ್ತು ನಿಮಿಷ ಎನ್ನುವವರು ಮೊದಲು ಮೈಕಿನ ಸ್ವಿಚ್ಚು ಎಲ್ಲಿದೆ ಎಂದು ತಿಳಿದುಕೊಂಡಿರಬೇಕು.

ನಾನು ಸರ್ವೋತ್ತಮ, ಕಾರ್ಕಳದವನು. ಕಾಲೇಜಿನ ದಿನಗಳಿಂದ ಇಂದಿನವರೆಗೆ ನನಗೆ ಗೊತ್ತಿರುವ ಬರವಣಿಗೆ ಎರಡೇ ಬಗೆಯದು. ಒಂದು ಕರಪತ್ರ. ಇನ್ನೊಂದು ಗೋಡೆ ಬರಹ. ಕೆಮ್ಮಣ್ಣು ಕಲಸಿ, ತೆಂಗಿನ ನಾರಿನ ಬ್ರಷ್ಷು ಕಟ್ಟಿ, ಸಿಕ್ಕಿದ ಕಾಂಪೌಂಡಿನ ಮೇಲೆಲ್ಲ ಧಿಕ್ಕಾರ ಬರೆದು ಬೆಳೆದವರು ನಾವು. ಬೆಳಗಾಗುವಾಗ ಗೋಡೆಯ ಯಜಮಾನ ಸುಣ್ಣ ಬಳಿಸುತ್ತಿದ್ದ. ನಾವು ಪುನಃ ಬರೆಯುತ್ತಿದ್ದೆವು. ಆತ ಪುನಃ ಬಳಿಸುತ್ತಿದ್ದ. ಕೊನೆಗೆ ಲಾಭವಾದದ್ದು ಯಾರಿಗೆ? ಸುಣ್ಣದ ಅಂಗಡಿಯವನಿಗೆ.

ಕರಪತ್ರದ ಕಥೆ ಇನ್ನೂ ದುಃಖದ್ದು. ನಾನಿದ್ದ ಪ್ರತಿಯೊಂದು ಹೋರಾಟ ಸಮಿತಿಯೂ ಒಡೆದಿದೆ. ತತ್ವಕ್ಕಾಗಿ ಒಡೆಯಿತು ಎಂದು ನಾನು ಹೇಳುತ್ತಾ ಬಂದಿದ್ದೇನೆ. ಗೆಳೆಯ ಲಿಯೋನೆಲ್ ಮತ್ತು ನಾನು ಬೇರೆಯಾದದ್ದೂ ತತ್ವಕ್ಕಾಗಿಯೇ. ಒಂದು ಕಾರ್ಖಾನೆಯ ವಿರುದ್ಧ ನಾನು ಬರೆದ ಕರಪತ್ರದಲ್ಲಿ ಆತ "ರಾಕ್ಷಸ" ಎಂಬ ಪದ ಹೊಡೆದುಹಾಕಿ "ಬೇಜವಾಬ್ದಾರಿ" ಎಂದು ತಿದ್ದಿದ. ನಾನು ಒಪ್ಪಲಿಲ್ಲ. ಆತ ಒಂದು ಕರಪತ್ರ ಹಂಚಿದ, ನಾನೊಂದು ಹಂಚಿದೆ. ಕಾರ್ಖಾನೆಯ ಮ್ಯಾನೇಜರು ಎರಡನ್ನೂ ಓದಿ ಬಹಳ ಸಂತೋಷಪಟ್ಟನಂತೆ. ಈಗ ಲಿಯೋನೆಲ್ ಬಸ್ ಸ್ಟ್ಯಾಂಡಿನಲ್ಲಿ ಎದುರಾದರೆ ನಾವಿಬ್ಬರೂ ಬಸ್ಸಿನ ಬೋರ್ಡು ಓದುತ್ತೇವೆ. ಅದು ಹೋಗಲಿ. ನಾನು ಹೇಳಹೊರಟದ್ದು ಬೇರೆ.

ಕಾಪುವಿನಿಂದ ಪಡುಬಿದ್ರಿ ಕಡೆಗೆ ಹೋಗುವಾಗ ಸಿಗುವ ಒಂದು ಕಡಲ ಕರೆಯಲ್ಲಿ, ಮರಳ ದಂಡೆಯಲ್ಲಿ, ಸರಸ ಎಂಬ ಹೆಂಗಸು ಮೀನು ಒಣಗಿಸುತ್ತಾಳೆ. ಅವಳೊಬ್ಬಳೇ ಅಲ್ಲ, ಅವಳ ಜೊತೆ ಹತ್ತಾರು ಹೆಂಗಸರಿದ್ದಾರೆ. ಅವಳ ಅತ್ತೆಯೂ ಅದೇ ಮರಳಿನಲ್ಲಿ ಒಣಗಿಸಿದವಳು. ಆ ಜಾಗಕ್ಕೆ ಪತ್ರ ಇಲ್ಲ, ಪಟ್ಟಾ ಇಲ್ಲ. ಬಿಸಿಲು ಉಂಟು, ಗಾಳಿ ಉಂಟು, ಕಾಗೆ ಉಂಟು, ಕಾಗೆಯನ್ನು ಓಡಿಸಲು ಸರಸನ ನಾಲಿಗೆ ಉಂಟು. ಅಷ್ಟೇ.

ಹೀಗಿರುವಾಗ ಕಡಲಿಗೆ ಸುಂದರೀಕರಣ ಬಂತು. ನಡೆದಾಡುವ ದಾರಿ, ಬಣ್ಣದ ದೀಪ, ಕಾರು ನಿಲ್ಲಿಸುವ ಜಾಗ. ಯೋಜನೆ ಬರೆದದ್ದು ದೂರದ ಊರಿನ ಒಂದು ಸಲಹಾ ಸಂಸ್ಥೆ. ಅದರ ಕರಡನ್ನು ಅವರು ಜಾಲತಾಣದಲ್ಲಿ ಹಾಕಿ, ಸಾರ್ವಜನಿಕರು ಓದಿ ಆಕ್ಷೇಪಣೆ ಸಲ್ಲಿಸಬಹುದು ಎಂದರು. ಯಾವ ಸಾರ್ವಜನಿಕರು? ಮೀನು ಹರಡುವ ಸಾರ್ವಜನಿಕರು ಜಾಲತಾಣ ತೆರೆದು ಕೂರುತ್ತಾರೆಯೇ? ಇವರು ಕೇಳಿದ್ದು ನಮ್ಮ ಅಭಿಪ್ರಾಯವನ್ನೋ, ನಮ್ಮ ಮೌನವನ್ನೋ?

ಆಗ ಶಿರ್ವದ ಆಂಜೆಲಾ ಬಾಯಿ ಫೋನು ಮಾಡಿ, ನಮ್ಮ ಮನೆಗೆ ಬನ್ನಿ, ಒಟ್ಟಿಗೆ ಕೂತು ಕರಡು ಓದೋಣ ಎಂದರು. ಅವರು ಕುವೈತಿನಲ್ಲಿ ನರ್ಸ್ ಆಗಿದ್ದು ನಿವೃತ್ತರಾಗಿ ಬಂದವರು. ಅವರ ಮನೆ ದೊಡ್ಡದು, ವೈಫೈ ಅದಕ್ಕಿಂತ ಗಟ್ಟಿ. ಎಲ್ಲೂರಿನಿಂದ ವಿನೋದಾ ಟೀಚರ್ ಬಂದರು. ಅವರು ಶಾಲೆಯಿಂದ ನಿವೃತ್ತರಾಗಿದ್ದಾರೆ, ತಿದ್ದುವ ಕೆಲಸದಿಂದ ಆಗಿಲ್ಲ. ಮಣಿಪಾಲದ ಒಂದು ಕಾಲೇಜಿನಲ್ಲಿ ಪಾಠ ಮಾಡುವ ನಿಖಿತಾ ಬಂದಳು. ನಾನು ಕಾರ್ಕಳದಿಂದ ಬಸ್ಸಿನಲ್ಲಿ ಬಂದೆ. ಸರಸನೂ ಬಂದಳು. ಕೂರಲಿಲ್ಲ, ಬಾಗಿಲಿಗೆ ಒರಗಿ ನಿಂತಳು.

"ನಿಮ್ಮ ಮೀಟಿಂಗ್ ನೀವು ಮಾಡಿ," ಎಂದಳು. "ನನಗೆ ಒಂದೇ ವಿಷಯ. ನಾವು ಒಣಗಿಸುವ ಜಾಗ ಅದರಲ್ಲಿ ಉಂಟಾ ಇಲ್ಲವಾ, ಅದೊಂದು ಓದಿ ಹೇಳಿ."

ವಿನೋದಾ ಟೀಚರ್ ಹುಡುಕಿ ಓದಿದರು. "ಈಗ ಮೀನು ಒಣಗಿಸಲು ಬಳಸುತ್ತಿರುವ ಜಾಗವನ್ನು ಯಥಾಸ್ಥಿತಿಯಲ್ಲಿ ಉಳಿಸಿಕೊಳ್ಳಲಾಗುವುದು."

"ಉಳಿಸ್ತಾರೆ ಅಂತವಾ?"

"ಹೌದು, ಉಳಿಸ್ತಾರೆ."

"ಹಾಗಾದರೆ ಸರಿ," ಎಂದು ಚಹಾ ಕುಡಿದು ಹೋದಳು.

ಇನ್ನು ನಾವೆಲ್ಲ ನಮ್ಮ ಫೋನಿಗೆ ಹಾಕಿಸಿಕೊಂಡ ಉಪಕರಣದ ವಿಷಯ. ನಿಖಿತಾ ಅದನ್ನು ನನಗೆ ತಿಳಿಯುವ ಹಾಗೆ ಹೇಳಿದ್ದು ಹೀಗೆ: ಜಾಲತಾಣದ ಪುಟದ ಮೇಲೆ ಒಂದು ಟ್ರೇಸಿಂಗ್ ಕಾಗದ ಹಾಸಿದ್ದೇವೆ ಎಂದುಕೊಳ್ಳಿ. ನಿಮಗೆ ಬೇಕಾದ ಸಾಲಿಗೆ ಹಳದಿ ಹಚ್ಚಬಹುದು, ಪಕ್ಕದಲ್ಲಿ ಟಿಪ್ಪಣಿ ಬರೆಯಬಹುದು. ಕೆಳಗಿನ ಪುಟಕ್ಕೆ ಒಂದು ಗೀರೂ ಬೀಳುವುದಿಲ್ಲ. ನಮ್ಮ ಗುಂಪಿನವರಿಗೆ ಮಾತ್ರ ಅದು ಕಾಣುತ್ತದೆ. ಒಬ್ಬರ ಟಿಪ್ಪಣಿಯ ಕೆಳಗೆ ಇನ್ನೊಬ್ಬರು ಉತ್ತರ ಬರೆಯಬಹುದು. ಎಲ್ಲ ಸೇರಿ ಒಂದು ಆಕ್ಷೇಪಣೆ ತಯಾರಾಗುತ್ತದೆ.

ಮೊದಲ ದಿನ ಯಾರೂ ಒಂದು ಗೀಟು ಎಳೆಯಲಿಲ್ಲ. ಪರರ ಪುಸ್ತಕದಲ್ಲಿ ಬರೆಯಬಾರದು ಎಂದು ಬೆತ್ತದಲ್ಲಿ ಕಲಿತವರು ನಾವು. ಆಂಜೆಲಾ ಬಾಯಿ ಬೆರಳು ಎತ್ತಿದವರು ಹಾಗೆಯೇ ಕೆಳಗಿಳಿಸಿದರು. "ನಿಖಿತಾ, ಅವರಿಗೆ ಕಾಣುವುದಿಲ್ಲ ಅಂತ ಗ್ಯಾರಂಟಿ ಉಂಟಾ?" ಕುವೈತಿನ ಆಸ್ಪತ್ರೆಯಲ್ಲಿ ರೋಗಿಯ ಚಾರ್ಟಿನ ಮೇಲೆ ಒಂದು ಅಡ್ಡ ಗೆರೆ ಎಳೆದದ್ದಕ್ಕೆ ಮೇಲಿನವರು ಏನೆಲ್ಲ ಹೇಳಿದ್ದರಂತೆ. ವಿನೋದಾ ಟೀಚರ್ ತಮ್ಮ ಅಭಿಪ್ರಾಯಗಳನ್ನೆಲ್ಲ ಬೇರೆ ಕಾಗದದಲ್ಲಿ ನೀಟಾಗಿ ಬರೆದು, ಆ ಕಾಗದದ ಫೋಟೋ ತೆಗೆದು, ವಾಟ್ಸಾಪಿನಲ್ಲಿ ನಿಖಿತಾಗೆ ಕಳಿಸಿದರು. ನಿಖಿತಾ ಅವರ ಎದುರಿನ ಕುರ್ಚಿಯಲ್ಲೇ ಕುಳಿತಿದ್ದಳು.

ಆಮೇಲೆ ಕೈ ಪಳಗಿತು ನೋಡಿ, ಯಾರನ್ನೂ ಹಿಡಿಯಲಿಕ್ಕಾಗಲಿಲ್ಲ. ಹೆಂಗಸರ ಚಪ್ಪರಗಳನ್ನು ಕರಡಿನಲ್ಲಿ "ತಾತ್ಕಾಲಿಕ ಅತಿಕ್ರಮಣ" ಎಂದು ಬರೆದಿದ್ದರು. ಅದರ ಪಕ್ಕದಲ್ಲಿ ಆಂಜೆಲಾ ಬಾಯಿ ಬರೆದರು: "ಇವರ ಅತ್ತೆಯಂದಿರ ಕಾಲದಿಂದ ಇರುವುದು ತಾತ್ಕಾಲಿಕ ಹೇಗೆ? ತಾತ್ಕಾಲಿಕ ಈ ಸಂಸ್ಥೆಯ ಗುತ್ತಿಗೆ." ಕಡಲಿಗೆ ಇಳಿಯುವ ದಾರಿಯನ್ನು ನಕ್ಷೆಯಲ್ಲಿ ಬಿಟ್ಟಿದ್ದರು. ಅಲ್ಲಿಗೆ ಟಿಪ್ಪಣಿ ಬಿತ್ತು. "ಪರಿಗಣಿಸಲಾಗುವುದು" ಎಂದಿದ್ದಲ್ಲೆಲ್ಲ ವಿನೋದಾ ಟೀಚರ್ "ಯಾರು? ಯಾವಾಗ?" ಎಂದು ಬರೆದರು. ಸಂಜೆ ಮನೆಯಲ್ಲಿ ಕುಳಿತಾಗ ಫೋನು ಟಿಂಗ್ ಎನ್ನುತ್ತದೆ. "ವಿನೋದಾ ಉತ್ತರಿಸಿದ್ದಾರೆ." ನಾನು ಕನ್ನಡಕ ಹುಡುಕಿಕೊಂಡು ಓಡುತ್ತೇನೆ. ನನ್ನ ಮನೆಯಲ್ಲಿ ಮಾತಾಡುವವರು ಯಾರೂ ಇಲ್ಲವೆಂದು ತಿಳಿಯಬೇಡಿ. ಬೆಕ್ಕು ಉಂಟು. ಆದರೆ ಅದು ಯಾವ ವಿಷಯಕ್ಕೂ ತಿದ್ದುಪಡಿ ಸೂಚಿಸುವುದಿಲ್ಲ.

ಈಗ ನನ್ನ ತಜ್ಞತೆಗೆ ಬರುತ್ತೇನೆ.

ನನ್ನ ಸರದಿ ಬಂದಾಗ ನಾನು ಒಂದೊಂದೇ ಸಾಲನ್ನು ಆರಿಸುತ್ತಾ ಕೂರಲಿಲ್ಲ. ಚಳವಳಿಯವರು ಚಿಲ್ಲರೆ ವ್ಯಾಪಾರ ಮಾಡುವುದಿಲ್ಲ. ಪುಟದ ಶೀರ್ಷಿಕೆಯ ಮೇಲೆ ಬೆರಳಿಟ್ಟೆ, ಕೊನೆಯ ದೂರವಾಣಿ ಸಂಖ್ಯೆಯವರೆಗೆ ಎಳೆದೆ. ಇಡೀ ಪುಟ ಹಳದಿಯಾಯಿತು. ಪಕ್ಕದಲ್ಲಿ ಬರೆದೆ: "ಧಿಕ್ಕಾರ. ಸಮುದ್ರಕ್ಕೆ ಸ್ನೋ ಪೌಡರು ಹಚ್ಚಲು ಹೊರಟ ಮೂರ್ಖರಿಗೆ ಧಿಕ್ಕಾರ. ಇದರ ಒಂದು ಸಾಲೂ ಉಳಿಯಬಾರದು."

ಕಳಿಸಿ, ಚಪ್ಪಾಳೆಗೆ ಕಾದೆ.

ಮೊದಲು ವಿನೋದಾ ಟೀಚರ್ ಅವರ ಉತ್ತರ ಬಂತು. "ಬರವಣಿಗೆಯಲ್ಲಿ ತಪ್ಪಿಲ್ಲ. ಆದರೆ ಆಕ್ಷೇಪ ಯಾವ ಸಾಲಿಗೆ?" ಆಮೇಲೆ ಆಂಜೆಲಾ ಬಾಯಿ. "ಸರ್ವೋತ್ತಮರೇ, ಪುಟಕ್ಕೆ ಮದುಮಗಳ ಹಾಗೆ ಅರಸಿನ ಹಚ್ಚಿಟ್ಟಿದ್ದೀರಿ. ನಮ್ಮ ಟಿಪ್ಪಣಿ ಎಲ್ಲಿ ಉಂಟು ಅಂತ ನಮಗೇ ಕಾಣುವುದಿಲ್ಲ. ದಯಮಾಡಿ ತೆಗೆಯಿರಿ." ನಿಖಿತಾ ಮರ್ಯಾದೆಯವಳು. ಅವಳು ಫೋನೇ ಮಾಡಿದಳು. "ಸರ್, ಅದನ್ನು ಬರೆದವರು ಮಾತ್ರ ಅಳಿಸಬಹುದು. ನಮ್ಮಿಂದ ಆಗುವುದಿಲ್ಲ. ಒಂದು ಸಣ್ಣ ಕಸದ ಬುಟ್ಟಿಯ ಚಿತ್ರ ಉಂಟಲ್ಲ, ಅದನ್ನು ಒತ್ತಿ."

ಮುಂದಿನ ಸಭೆಯಲ್ಲಿ ಮತಕ್ಕೆ ಹಾಕಿದರು. ಅಳಿಸಬೇಕು ಎನ್ನುವವರು ಎಲ್ಲರೂ. ಬೇಡ ಎನ್ನುವವನು ನಾನೊಬ್ಬ. ನಾನು ಎದ್ದು ನಿಂತು ಹೇಳಿದೆ: ಕೂಗಿದ ಘೋಷಣೆಯನ್ನು ಹಿಂದಕ್ಕೆ ಪಡೆಯುವುದು ನನ್ನ ಜೀವನದಲ್ಲಿ ನಡೆದಿಲ್ಲ, ಮುಂದೆಯೂ ನಡೆಯುವುದಿಲ್ಲ. ಬಹುಮತದ ದಬ್ಬಾಳಿಕೆಗೆ ಮಣಿಯುವವನು ನಾನಲ್ಲ. ಒಳ್ಳೆಯ ಭಾಷಣ. ಆಂಜೆಲಾ ಬಾಯಿ ನಡುವೆಯೇ ಎದ್ದು ಬನ್ಸ್ ತರಲು ಒಳಗೆ ಹೋದರು. ಆದರೆ ಸಭಿಕರೇ, ಸನ್ಮಾನದ ಶಾಲು ಹೆಗಲ ಮೇಲೆ ಇರುವಾಗ ಸುಳ್ಳು ಹೇಳಿದರೆ ಸೆಕೆಯಾಗುತ್ತದೆ. ಆ ಕಸದ ಬುಟ್ಟಿ ನನ್ನ ಫೋನಿನಲ್ಲಿ ಎಲ್ಲಿದೆ ಎಂದು ನನಗೆ ಸಿಕ್ಕಿರಲಿಲ್ಲ. ಮಣಿಪಾಲದ ಹುಡುಗಿಯನ್ನು ಇನ್ನೊಮ್ಮೆ ಕೇಳಲು ನಾಚಿಕೆಯಾಗಿತ್ತು. ತತ್ವ ಆಮೇಲೆ ಸೇರಿಕೊಂಡದ್ದು.

ಇಷ್ಟಾದ ಮೇಲೆ ಒಂದು ಮಧ್ಯಾಹ್ನ ಸರಸ ಶಿರ್ವಕ್ಕೆ ಬಂದಳು. ನಾವೆಲ್ಲ ಆಕ್ಷೇಪಣೆಯ ಅಂತಿಮ ಪ್ರತಿ ಮಾಡುತ್ತಾ ಕುಳಿತಿದ್ದೆವು. ಈ ಸಲ ಬಾಗಿಲಿಗೆ ಒರಗಲಿಲ್ಲ, ನೇರ ನಡುಮನೆಗೆ ಬಂದಳು.

"ಗೂಟ ಹೊಡೆದಿದ್ದಾರೆ," ಎಂದಳು. "ನನ್ನ ಮೀನಿನ ನಡುವಿನಲ್ಲಿ. ಕೇಳಿದರೆ ಕಾರು ನಿಲ್ಲಿಸಲಿಕ್ಕೆ ಅಂತೆ. ಅವತ್ತು ನೀವು ಓದಿ ಹೇಳಿದ್ದು ಎಂತ?"

ವಿನೋದಾ ಟೀಚರ್ ಗಾಬರಿಯಾಗಿ ಪುಟ ತೆರೆದರು. ಹುಡುಕಿದರು. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ. ಆ ಸಾಲು ಇರಲಿಲ್ಲ. ಅದಿದ್ದ ಜಾಗದಲ್ಲಿ "ಖಾಲಿ ಇರುವ ಮರಳು ಪ್ರದೇಶದಲ್ಲಿ ವಾಹನ ನಿಲುಗಡೆ" ಎಂದು ಬಂದಿತ್ತು. ಪುಟದ ಮೇಲಿನ ದಿನಾಂಕ ಹಳೆಯದೇ. ಯಾರಿಗೂ ಹೇಳದೆ, ಕೇಳದೆ, ಕೆಳಗಿನ ಪುಟವನ್ನೇ ಬದಲಿಸಿದ್ದರು.

ಸರಸ ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿದಳು. "ನಾನು ಗಲಾಟೆ ಮಾಡಬಾರದು ಅಂತ ಓದಿದ್ದಾ ಅವತ್ತು?"

ನನ್ನ ಮೇಲೆ ಲಾಠಿ ಬಿದ್ದಿದೆ, ನಾನು ಲಾಕಪ್ಪಿನಲ್ಲಿ ಮಲಗಿದ್ದೇನೆ. ಅದಾವುದೂ ಈ ಪ್ರಶ್ನೆಯಷ್ಟು ತಾಗಿರಲಿಲ್ಲ. ಯಾರ ಪರವಾಗಿ ನಿಂತಿದ್ದೇವೋ ಅವಳಿಗೇ ನಾವು ಅವರ ಕಡೆಯವರ ಹಾಗೆ ಕಂಡರೆ, ಆಮೇಲೆ ಯಾವ ಗೋಡೆಯಲ್ಲಿ ಏನು ಬರೆದು ಏನು ಪ್ರಯೋಜನ? ಮಾತಿನಲ್ಲಿ ಎಂದೂ ಸೋಲದ ವಿನೋದಾ ಟೀಚರ್ "ಇತ್ತು ಸರಸಾ, ದೇವರಾಣೆ ಇತ್ತು," ಎಂದಷ್ಟೇ ಹೇಳಿದರು.

"ಇದ್ದರೆ ತೋರಿಸಿ."

ತೋರಿಸುವುದು ಹೇಗೆ? ಮುದ್ರಿಸಿಟ್ಟುಕೊಳ್ಳೋಣ ಎಂದು ನಾನು ಮೊದಲ ದಿನವೇ ಹೇಳಿದ್ದೆ. "ಅದು ಜಾಲತಾಣ ಅಲ್ವಾ, ಎಲ್ಲಿಗೆ ಓಡಿಹೋಗ್ತದೆ?" ಎಂದು ಎಲ್ಲರೂ ನಕ್ಕಿದ್ದರು. ಹಳೆಯ ಪುಟಗಳನ್ನು ಕಾದಿಡುವ ತಾಣಗಳಿವೆಯಂತೆ, ನಿಖಿತಾ ಅಲ್ಲೆಲ್ಲ ಹುಡುಕಿದಳು. ಇದನ್ನು ಯಾರೂ ಕಾದಿಟ್ಟಿರಲಿಲ್ಲ. ನಮ್ಮ ಟಿಪ್ಪಣಿಗಳನ್ನಾದರೂ ನೋಡೋಣ ಎಂದರೆ, ಹೆಚ್ಚಿನವು ಪುಟದ ಮೇಲಿನಿಂದ ಕಳಚಿ ಬೇರೊಂದು ಮೂಲೆಗೆ ಹೋಗಿ ಬಿದ್ದಿದ್ದವು. ಟಿಪ್ಪಣಿ ಯಾವ ಸಾಲಿಗೆ ಅಂಟಿತ್ತೋ ಆ ಸಾಲು ಪುಟದಿಂದ ಮಾಯವಾದರೆ ಅದಕ್ಕೆ ಅನಾಥ ಟಿಪ್ಪಣಿ ಎನ್ನುತ್ತಾರಂತೆ.

"ಅನಾಥ ಆದರೂ ಒಂದು ವಿಷಯ ಉಂಟು," ಎಂದಳು ನಿಖಿತಾ. "ಪ್ರತಿ ಟಿಪ್ಪಣಿಯೂ ತಾನು ಅಂಟಿದ್ದ ಸಾಲನ್ನು ಹಾಗೆಯೇ ಎತ್ತಿ ಇಟ್ಟುಕೊಂಡಿರ್ತದೆ. ಕೆಳಗಿನ ಪುಟ ಹೋದರೂ ಆ ಸಾಲು ಇಲ್ಲಿ ಇರ್ತದೆ."

ಸಭಿಕರೇ, ಇದನ್ನು ಗಮನಿಸಿ. ನಮ್ಮ ಕಾಲದಲ್ಲಿ ಗೋಡೆ ಉಳಿಯುತ್ತಿತ್ತು, ಬರಹ ಹೋಗುತ್ತಿತ್ತು. ಇಲ್ಲಿ ಗೋಡೆಯೇ ಹೋಗಿದೆ, ಬರಹ ಉಳಿದಿದೆ. ಇಂಥ ಗೋಡೆ ನಮಗೆ ಆಗಲೇ ಸಿಕ್ಕಿದ್ದರೆ ಸುಣ್ಣದ ಅಂಗಡಿಯವನು ಬೀದಿಗೆ ಬರುತ್ತಿದ್ದ.

ಒಂದೊಂದಾಗಿ ಟಿಪ್ಪಣಿ ತೆರೆದೆವು. ಅತಿಕ್ರಮಣದ ಸಾಲು ಸಿಕ್ಕಿತು. ದಾರಿಯ ಸಾಲು ಸಿಕ್ಕಿತು. ಎಲ್ಲ "ಪರಿಗಣಿಸಲಾಗುವುದು"ಗಳೂ ಸಿಕ್ಕಿದವು. ಸರಸನ ಸಾಲು ಮಾತ್ರ ಇಲ್ಲ. ಏಕೆ? ಯೋಚಿಸಿ. ಅದು ನಮಗೆ ಅನುಕೂಲವಾದ ಸಾಲು. ಅನುಕೂಲವಾದ ಸಾಲಿನೊಂದಿಗೆ ಯಾರು ಜಗಳಕ್ಕೆ ಹೋಗುತ್ತಾರೆ? ಕೆಟ್ಟದ್ದನ್ನು ಹುಡುಕಿ ಹುಡುಕಿ ಹಳದಿ ಹಚ್ಚಿದೆವು. ಒಳ್ಳೆಯದು ತಾನಾಗಿಯೇ ಉಳಿಯುತ್ತದೆ ಎಂದು ಬಿಟ್ಟೆವು. ಅವರು ಕದ್ದದ್ದು ಅದನ್ನೇ.

ಸರಸ ಸೆರಗು ಸರಿಮಾಡಿಕೊಂಡು ಹೊರಡಲು ತಿರುಗಿದಳು. ಆಗ ಆಂಜೆಲಾ ಬಾಯಿ ತಣ್ಣಗೆ ಹೇಳಿದರು: "ನಿಖಿತಾ, ಆ ಅರಸಿನ ಹಚ್ಚಿದ್ದು ಒಂದು ಉಂಟಲ್ಲ. ಅದನ್ನು ಇವರು ಅಳಿಸಿದ್ದಾರಾ?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಛಾವಣಿ ನೋಡಿದೆ.

ನಿಖಿತಾ ಅನಾಥರ ರಾಶಿಯಲ್ಲಿ ನನ್ನ ಟಿಪ್ಪಣಿಯನ್ನು ಹಿಡಿದಳು. ಧಿಕ್ಕಾರದ ಮೇಲೆ ಮೂಲ ಪಠ್ಯದ ಒಂದೆರಡು ಸಾಲು ಮಾತ್ರ ಕಾಣುತ್ತಿತ್ತು. ಕೆಳಗೆ "ಇನ್ನಷ್ಟು" ಎಂದಿತ್ತು. ಒತ್ತಿದಳು. ಹಳೆಯ ಪುಟ ಇಡೀ ಬಿಚ್ಚಿಕೊಂಡಿತು. ಶೀರ್ಷಿಕೆಯಿಂದ ದೂರವಾಣಿ ಸಂಖ್ಯೆಯವರೆಗೆ, ಒಂದಕ್ಷರ ಬಿಡದೆ. ನಡುವಿನಲ್ಲಿ ಆ ಸಾಲೂ ಇತ್ತು. ನಾನು ಬರೆದ ದಿನಾಂಕ, ಗಂಟೆ ಸಮೇತ. "ಒಂದು ಸಾಲೂ ಉಳಿಯಬಾರದು" ಎಂದು ನಾನು ಬರೆದಿದ್ದೆನಲ್ಲ, ಪ್ರಪಂಚದಲ್ಲಿ ಆ ಸಾಲು ಉಳಿದಿದ್ದ ಒಂದೇ ಒಂದು ಜಾಗ ಅದು.

ವಿನೋದಾ ಟೀಚರ್ ಅದನ್ನು ಸರಸನಿಗೆ ಮತ್ತೊಮ್ಮೆ ಓದಿದರು. ಸರಸ ಕೇಳಿದಳು, ತಲೆಯಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಸರ್ವೋತ್ತಮಣ್ಣ, ನೀವು ಓದದೆಯೇ ಬೈದದ್ದು ಒಳ್ಳೆದಾಯ್ತು ಮಾರಾಯ್ರೆ," ಎಂದಳು.

ನನ್ನ ಡಿಜಿಟಲ್ ತಜ್ಞತೆಯ ಬಗ್ಗೆ ಇದಕ್ಕಿಂತ ನಿಖರವಾದ ವಿಮರ್ಶೆಯನ್ನು ನಾನು ಕೇಳಿಲ್ಲ.

ಕಾಪುವಿನಲ್ಲಿ ಅಹವಾಲು ಸಭೆ ನಡೆಯಿತು. ಸಲಹಾ ಸಂಸ್ಥೆಯ ಪ್ರತಿನಿಧಿ ಕೋಟು ಹಾಕಿಕೊಂಡು ಬಂದಿದ್ದ. ಸೆಕೆಯಲ್ಲಿ ಕೋಟು ಹಾಕುವವರ ಧೈರ್ಯವನ್ನು ಮೆಚ್ಚಲೇಬೇಕು. "ಅಂಥ ಸಾಲು ನಮ್ಮ ಕರಡಿನಲ್ಲಿ ಯಾವತ್ತೂ ಇರಲಿಲ್ಲ," ಎಂದ. ನಿಖಿತಾ ಪರದೆಯ ಮೇಲೆ ನನ್ನ ಟಿಪ್ಪಣಿ ತೋರಿಸಿದಳು. ಸಭೆ ನಡೆಸುತ್ತಿದ್ದ ಅಧಿಕಾರಿ ಮೈಕಿನಲ್ಲಿ ಓದಲು ತೊಡಗಿ, ತಡೆದರು. "ಇದರಲ್ಲಿ ಏನೇನೋ ಬರೆದಿದ್ದಾರೆ. ಎಲ್ಲ ಓದಬೇಕಾ?"

ವಿನೋದಾ ಟೀಚರ್ ಎದ್ದು ನಿಂತರು. ತರಗತಿಯಲ್ಲಿ ನಿಂತ ಹಾಗೆ. "ಪೂರ್ತಿ ಓದಿ ಸರ್. ನಡುವಿನಲ್ಲಿ ಬಿಟ್ಟರೆ, ಅಂಥ ಸಾಲೇ ಇರಲಿಲ್ಲ ಅಂತ ಹೇಳುವವರು ಇಲ್ಲಿದ್ದಾರೆ."

ಪಾಪ, ಓದಿದರು. "ಧಿಕ್ಕಾರ" ಎಂದರು. "ಸ್ನೋ ಪೌಡರು ಹಚ್ಚಲು ಹೊರಟ ಮೂರ್ಖರಿಗೆ ಧಿಕ್ಕಾರ" ಎಂದರು. ಸಭೆ ಚಪ್ಪಾಳೆ ತಟ್ಟಿತು. ನನ್ನ ಚಳವಳಿಯ ಬದುಕಿನಲ್ಲಿ ಸರ್ಕಾರದ ಬಾಯಿಂದಲೇ, ಸರ್ಕಾರದ ಮೈಕಿನಲ್ಲೇ ಧಿಕ್ಕಾರ ಕೇಳಿದ್ದು ಅದೊಂದೇ ಸಲ.

"ಇದನ್ನು ಇವರೇ ಟೈಪು ಮಾಡಿರಬಹುದು," ಎಂದ ಕೋಟಿನವನು. ನಿಖಿತಾ ವಿವರಿಸಿದಳು. ನಮ್ಮ ಟಿಪ್ಪಣಿಯನ್ನು ನಾವು ತಿದ್ದಬಹುದು. ಅದು ಎತ್ತಿಕೊಂಡ ಮೂಲ ಸಾಲನ್ನು ತಿದ್ದಲು ನಮಗೆ ದಾರಿಯಿಲ್ಲ. ಅದು ಇರುವುದು ನಮ್ಮ ಕಂಪ್ಯೂಟರಿನಲ್ಲೂ ಅಲ್ಲ. ಬೇಕಾದರೆ ಉಪಕರಣ ಮಾಡಿದವರನ್ನೇ ಕೇಳಿ. ಕೋಟಿನವನು ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದ. "ಪುಟ ಹೊಸದಾಗಿ ಜೋಡಿಸುವಾಗ ಕೈತಪ್ಪಿ ಹೋಗಿರಬೇಕು," ಎಂದ.

ಹಿಂದಿನ ಸಾಲಿನಿಂದ ಸರಸನ ದನಿ ಬಂತು. ಅವಳಿಗೆ ಮೈಕು ಬೇಡ. "ಕೈತಪ್ಪಿ ಹೋದದ್ದು ನಮ್ಮ ಜಾಗ ಮಾತ್ರವಾ? ಕಾರು ನಿಲ್ಲಿಸುವ ಜಾಗ ಒಂದೂ ಕೈತಪ್ಪಲಿಲ್ಲ ಅಲ್ವಾ?"

ಅಧಿಕಾರಿ ನಡಾವಳಿಯಲ್ಲಿ ಬರೆಸಿದರು: ಆ ಸಾಲು ಪುಟಕ್ಕೆ ವಾಪಸು ಬರಬೇಕು, ಗೂಟ ಕೀಳಬೇಕು. ಸಾಲು ಬಂತು. ಗೂಟವನ್ನು ಅವರು ಕೀಳುವವರೆಗೆ ಸರಸ ಕಾಯಲಿಲ್ಲ.

ಸಭಿಕರೇ, ಗೆದ್ದೆವು ಎಂದು ನಾನು ಹೇಳುವುದಿಲ್ಲ. ಯೋಜನೆ ಇನ್ನೂ ಕರಡೇ. ಪುಟ ಇನ್ನೂ ಅವರ ಕೈಯಲ್ಲೇ ಉಂಟು. ನಾಳೆ ಇನ್ನೊಂದು ಕೈ ಇನ್ನೊಂದು ಸಾಲನ್ನು ತಪ್ಪಿಸಬಹುದು. ನಾವು ಕಲಿತದ್ದು ಇಷ್ಟು: ಕೆಟ್ಟ ಮಾತಿಗೆ ಮಾತ್ರ ಕಾವಲು ಕೂರಬೇಡಿ, ಕೊಟ್ಟ ಮಾತಿಗೂ ಕೂರಿ. ಈಗ ಆ ಸಾಲಿನ ಮೇಲೆ ಶಿರ್ವದವರ, ಎಲ್ಲೂರಿನವರ, ಪಡುಬಿದ್ರಿಯವರ ಟಿಪ್ಪಣಿಗಳು ಸಾಲುಗಟ್ಟಿ ನಿಂತಿವೆ. ಹೆಂಗಸರು ತಮ್ಮ ಫೋನಿನಲ್ಲೇ ಬರೆಯುತ್ತಾರೆ. "ನೋಡ್ತಾ ಇದ್ದೇವೆ" ಎಂದು ಒಬ್ಬಳು. "ನಾನೂ" ಎಂದು ಇನ್ನೊಬ್ಬಳು. ಆಂಜೆಲಾ ಬಾಯಿಯ ನೆರೆಮನೆಯ ಆನ್ಸಿಲ್ಲಾ ಬರೆದದ್ದು ಹೀಗೆ: "ಈ ಮೀನು ತಿನ್ನುವವಳು ನಾನು. ನನ್ನನ್ನೂ ಲೆಕ್ಕಕ್ಕೆ ಹಿಡಿಯಿರಿ."

ಆದ್ದರಿಂದ ಈ ಶಾಲು, ಈ ಹಣ್ಣಿನ ಬುಟ್ಟಿ ನನ್ನದಲ್ಲ. ನನ್ನನ್ನು ತಿದ್ದಿದವರದು, ನನ್ನ ಕೆಳಗೆ ಉತ್ತರ ಬರೆದವರದು. ಬುಟ್ಟಿಯಲ್ಲಿರುವ ಸೇಬು ಮಾತ್ರ ನಾನು ಇಟ್ಟುಕೊಳ್ಳುತ್ತೇನೆ. ನಾಳೆ ಲಿಯೋನೆಲ್ ಮನೆ ಕಡೆ ಹೋಗುವ ಯೋಚನೆ ಉಂಟು, ಬರಿಗೈಯಲ್ಲಿ ಹೋಗುವುದು ಹೇಗೆ?

ಬಳಗದವರು ಸರಸನನ್ನೂ ವೇದಿಕೆಗೆ ಕರೆದಿದ್ದರು. ನನ್ನ ಬಲಗಡೆಯ ಈ ಕುರ್ಚಿ ಅವಳದು. ಬೆಳಿಗ್ಗೆ ಹೊರಡುವಾಗ ಫೋನು ಮಾಡಿ, ಬಸ್ಸಿಗೆ ಹತ್ತಿದಳಾ ಎಂದು ಕೇಳಿದೆ. ಹಿಂದೆ ಗಾಳಿ, ಕಾಗೆ, ಹೆಂಗಸರ ಬೊಬ್ಬೆ.

"ಎಂತ ಬರುವುದು ಸರ್ವೋತ್ತಮಣ್ಣ? ಮೋಡ ಹೋಗಿ ಇವತ್ತು ಒಳ್ಳೆ ಬಿಸಿಲು ಬಿದ್ದಿದೆ. ಜಾಗ ಇಡೀ ಮೀನು ಹಾಕಿದ್ದೇವೆ, ಕಾಲಿಡಲಿಕ್ಕೆ ಎಡೆ ಇಲ್ಲ. ನನ್ನ ಶಾಲು ನೀವೇ ಹೊದ್ದುಕೊಳ್ಳಿ."

ಹಾಗಾಗಿ, ಸಭಿಕರೇ, ಈ ಕುರ್ಚಿ ಖಾಲಿ ಉಂಟು. ಅದು ಖಾಲಿ ಇರುವುದನ್ನು ನೋಡಿ ನನಗೆ ಆಗುತ್ತಿರುವ ಸಂತೋಷ ಈ ಶಾಲಿನಿಂದ ಆಗಿಲ್ಲ. ಇಷ್ಟು ಹೊತ್ತು ಮೈಕಿನ ಸ್ವಿಚ್ಚು ಹುಡುಕದೆ ಕುಳಿತ ಅಧ್ಯಕ್ಷರಿಗೂ ಕೇಳಿದ ನಿಮಗೂ ನಾನು ಋಣಿ. ನಮಸ್ಕಾರ.